ನಾನು ಪಾಚಿ ಹಿಡಿಸಿದ ಮನೆ

ಒಂದು ಗೇಣು ಎತ್ತರದ ಗೋಡೆಗೆ ಪಾಚಿ ಹಿಡಿಸುವುದಕ್ಕೆ ನನಗೆ ಹನ್ನೊಂದು ದಿನ ಬೇಕಾಯಿತು. ಆ ಪಾಚಿಗೆ ನನ್ನ ಮನೆಯಲ್ಲೇ ಆದ ಅನ್ಯಾಯವನ್ನು ಯಾರ ಮುಂದೆ ಹೇಳಿಕೊಳ್ಳಲಿ? ನೀವಾದರೂ ಕೇಳಿ.

ನಮ್ಮದು ಚಾಮರಾಜಪೇಟೆಯ ಹಳೇ ಮನೆ. ದಸರೆ ಹತ್ತಿರ ಬಂದಾಗಲೆಲ್ಲ ನನ್ನ ಹೆಂಡತಿ ಚೂಡಾಮಣಿ, ಗೊಂಬೆ ನೋಡೋಕೆ ನಾಲ್ಕು ಜನ ಬರ್ತಾರೆ, ಗೋಡೆಗೆ ಬಣ್ಣ ಹೊಡೆಸಿ ಎನ್ನುತ್ತಾಳೆ. ಟ್ಯಾಂಕಿನ ಕೆಳಗೆ ನೀರು ಒಸರುತ್ತಿದೆ ಎಂದರೆ ನಾನು ಅದು ನೆರಳು ಎನ್ನುತ್ತೇನೆ. ಬಚ್ಚಲುಮನೆ ಗೋಡೆ ಬಿರಿದಿದೆ ಎಂದರೆ ಜೇಡರ ಬಲೆ ಎನ್ನುತ್ತೇನೆ. ಹೀಗೆ ಆರು ದಸರೆಗಳನ್ನು ಅಹಿಂಸಾಮಾರ್ಗದಲ್ಲೇ ಗೆದ್ದಿದ್ದೆ.

ಈ ಸಲ ಅವಳನ್ನು ಖುಷಿಪಡಿಸೋಣವೆಂದು, ಗೊಂಬೆಗಳ ಜೊತೆ ಇಡಲು ನಮ್ಮ ಮನೆಯದೇ ಪುಟ್ಟ ಮಾದರಿಯೊಂದನ್ನು ರಟ್ಟಿನಲ್ಲಿ ಮಾಡಿದೆ. ಕಟ್ಟುವುದು ಯಾರಿಗಾದರೂ ಬರುತ್ತದೆ, ಹಳೆಯದಾಗಿಸುವುದೇ ವಿದ್ಯೆ. ಗೇಟಿನ ತುಕ್ಕಿಗೆ ಕಾಫಿ ಡಿಕಾಕ್ಷನ್ನಿನಲ್ಲಿ ಇಟ್ಟಿಗೆ ಪುಡಿ ಕಲಸಿದೆ. (ಮೊದಲನೇ ಡಿಕಾಕ್ಷನ್. ಎರಡನೆಯದಕ್ಕೆ ತುಕ್ಕಿನ ಗಾಂಭೀರ್ಯ ಬರುವುದಿಲ್ಲ. ಅದನ್ನು ಮನೆಯವರು ಕುಡಿದರು.) ಹರಿದ ಸ್ಪಂಜಿನ ಚೂರಿನಿಂದ ಹಸಿರು ಒತ್ತಿ, ಮೇಲೆ ದೀಪದ ಮಸಿ ಸವರಿ ಪಾಚಿ ಬರಿಸಿದೆ. ಬಿರುಕನ್ನು ಮೂರೇ ಕೂದಲಿನ ಬ್ರಷ್ಷಿನಲ್ಲಿ ಉಸಿರು ಬಿಗಿಹಿಡಿದು ಎಳೆದೆ.

ಗೊಂಬೆ ಕೂರಿಸಿದ ಮೊದಲ ಸಂಜೆಯೇ ಎದುರುಮನೆ ದ್ರೌಪದಮ್ಮನವರು ಬಂದರು. ಪಟ್ಟದ ಗೊಂಬೆಗಳನ್ನೂ ಬಿಟ್ಟು, ಕನ್ನಡಕ ಹಾಕಿಕೊಂಡು ನನ್ನ ಮಾದರಿಯ ಮುಂದೆ ಬಗ್ಗಿದರು.

"ಥೇಟ್ ನಿಮ್ಮನೇನೇ ಕಣಮ್ಮ. ಟ್ಯಾಂಕ್ ಕೆಳಗಿನ ಕಲೇನೂ ಬಿಟ್ಟಿಲ್ಲ."

ನಾನು ಉಬ್ಬಿದೆ. ಉಬ್ಬಿದವನು ಸುಮ್ಮನಿರಬೇಕಿತ್ತು. ಒಸರು ವರ್ಷಕ್ಕೆ ನಾಲ್ಕು ಬೆರಳು ಇಳಿಯುತ್ತಿರುವುದನ್ನೂ, ಬಚ್ಚಲುಮನೆಯ ಬಿರುಕು ಹೋದ ಮಳೆಗಾಲದಲ್ಲಿ ಕವಲೊಡೆದದ್ದನ್ನೂ, ಏಣಿ ಹತ್ತಿ ಟೇಪು ಹಿಡಿದು ನಾನೇ ಅಳೆದದ್ದನ್ನೂ ಸವಿಸ್ತಾರವಾಗಿ ವರ್ಣಿಸಿದೆ.

ಉಸಲಿ ಬಡಿಸುತ್ತಿದ್ದ ಚೂಡಾಮಣಿಯ ಸೌಟು ನಿಂತಿತು.

"ಅಂದ್ರೆ ನಿಮ್ಗೆ ಕಾಣ್ಸ್ತಿತ್ತು."

"ಏನು?"

"ನೆರಳು."

ವಿಜಯದಶಮಿ ಕಳೆದ ಮೂರನೇ ದಿನ ಪೇಂಟರ್ ಮುನೇಶ್ ಬಂದ. ಚೂಡಾಮಣಿ ಅವನಿಗೆ ಗೋಡೆ ತೋರಿಸುವ ಗೋಜಿಗೇ ಹೋಗಲಿಲ್ಲ. ನನ್ನ ಮಾದರಿಯನ್ನು ತಂದು ಕೈಗಿಟ್ಟಳು. ಅದನ್ನು ಹಿಡಿದು ಮನೆಗೆ ಒಂದು ಸುತ್ತು ಬಂದವನು, ಇಷ್ಟು ವರ್ಷದಲ್ಲಿ ಕೆಲಸವನ್ನು ಇಷ್ಟು ನೀಟಾಗಿ ತೋರಿಸಿಕೊಟ್ಟವರನ್ನು ನೋಡಿಲ್ಲ ಎಂದ. ಕಲೆಗೆ ಸಿಕ್ಕ ಮನ್ನಣೆ ನೋಡಿ.

ಆರು ದಿನದಲ್ಲಿ ಮನೆ ತಿಳಿಹಳದಿಯಾಗಿ ಹೊಳೆಯಿತು. ಸದ್ಯ, ಮಾದರಿಯಲ್ಲಾದರೂ ಪಾಚಿ ಉಳಿದಿದೆ ಎಂದುಕೊಂಡು ಹುಡುಕಿದೆ. ಜಗಲಿಯ ಮೇಲೆ ಒಣಗಲು ಇಟ್ಟಿದ್ದರು. ಅದೂ ಹೊಳೆಯುತ್ತಿತ್ತು.

"ಬಣ್ಣ ಸ್ವಲ್ಪ ಮಿಕ್ಕಿತ್ತು ಸಾರ್," ಎಂದ ಮುನೇಶ್. "ಬಿರುಕಿಗೆ ಪುಟ್ಟಿ ತುಂಬಿ ಎರಡು ಕೋಟ್ ಹೊಡ್ದಿದೀನಿ. ಇನ್ನು ಹತ್ತು ವರ್ಷ ಪಾಚಿ ಹತ್ರ ಬರಲ್ಲ."

ಉರಿದುಕೊಂಡು ಅಡುಗೆಮನೆಗೆ ನುಗ್ಗಿದೆ. ಚೂಡಾಮಣಿ ಒಲೆ ಕಡೆಯಿಂದ ತಿರುಗಲೂ ಇಲ್ಲ.

"ಹೋಗ್ಲಿ ಬಿಡಿ. ಮುಂದಿನ ದಸರಾಕ್ಕೆ ಅಡುಗೆಮನೆ ಮಾಡಿ. ಸಿಂಕ್ ಕೆಳಗೂ ಬಗ್ಗಿ ನೋಡ್ಕೊಳ್ಳಿ."

ಎಂಥ ಹುನ್ನಾರ ನೋಡಿ. ಈ ಜನ್ಮದಲ್ಲಿ ಇನ್ನು ಬ್ರಷ್ ಮುಟ್ಟುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಹೇಳಿ, ಸುಮ್ಮನೆ ಒಂದು ಸಲ ಬಗ್ಗಿ ನೋಡಿದೆ. ಅಂಥ ತುಕ್ಕನ್ನು ನಾನು ಕಂಡವನೇ ಅಲ್ಲ: ಅಂಚಿನಲ್ಲಿ ಕಿತ್ತಳೆ, ನಡುವೆ ಕಂದು, ಪೈಪಿನ ಗಂಟಿನಲ್ಲಿ ಕಡುಗಪ್ಪು.

"ಚೂಡಾಮಣಿ," ಎಂದೆ ಅಲ್ಲಿಂದಲೇ, "ಡಿಕಾಕ್ಷನ್ ಇದ್ಯೇನೆ, ಮೊದಲನೇದು?"