ನಾನು ಮೆಚ್ಚಿದ ಕೊಲೆಗಾರ

ಚಟವಿಲ್ಲದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ನನಗೆ ಬೀಡಿಯಿಲ್ಲ, ಇಸ್ಪೀಟಿಲ್ಲ. ಇರುವುದೊಂದೇ: ಯಾರೂ ನೋಡದ ಒಂದು ಸಿನಿಮಾವನ್ನು ಸಿಕ್ಕಸಿಕ್ಕವರಿಗೆ ನೋಡಿಸುವ ಚಟ. ಅದೊಬ್ಬ ಸರಣಿ ಕೊಲೆಗಾರನ ಕಥೆ. ಚಿತ್ರಮಂದಿರದಲ್ಲಿ ನಾಲ್ಕೇ ದಿನ ಓಡಿತು. ಓಡಿತು ಅನ್ನುವುದೂ ಹೆಚ್ಚಾಯಿತು, ತೆವಳಿತು. ಹಾಡಿಲ್ಲ, ಹೊಡೆದಾಟವಿಲ್ಲ, ರಕ್ತವಂತೂ ಒಂದು ಚಮಚವೂ ಇಲ್ಲ. ಆದರೂ ಮೈ ಜುಂ ಎನ್ನುತ್ತದೆ. ಕೊಲೆಗಾರ ಯಾರೆಂದು ಮಾತ್ರ ಕೇಳಬೇಡಿ, ಹೇಳಿದರೆ ಮಜಾ ಹೋಗುತ್ತದೆ. ಮಹಡಿ ಮನೆಯ ಬಾಡಿಗೆದಾರ. ಛೆ, ನೋಡಿ, ಹೇಳಿಯೇಬಿಟ್ಟೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಕ್ಯಾಂಟೀನಿನಲ್ಲಿ ಈ ಚಿತ್ರದ ಮಾತೆತ್ತಿದರೆ ಸಾಕು, ಜನ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋಗುತ್ತಿದ್ದರು. ನನ್ನ ಹೆಂಡತಿ ಶೋಭಾ ಮೂರು ಸಲ ನೋಡಲು ಕೂತು, ಮೂರು ಸಲವೂ ಹೆಸರುಗಳು ಬರುವ ಹೊತ್ತಿಗೇ ನಿದ್ದೆ ಹೋದಳು. ಒಬ್ಬರು, ಒಬ್ಬೇ ಒಬ್ಬರು "ಚೆನ್ನಾಗಿದೆ" ಅಂದಿದ್ದರೆ ಸಾಕಿತ್ತು. ನಿಜಕ್ಕೂ ನನಗೆ ಅಷ್ಟು ಬೇಜಾರಾಗಿತ್ತು.

ಕೊನೆಗೆ ಸಿಕ್ಕವರು ನಮ್ಮ ಓನರ್, ಕೆಳಗಿನ ಮನೆಯ ಮುನಿರಾಜಣ್ಣ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆ ಕಟ್ಟಿಸಿರುವವರು. ಭಾನುವಾರ ಊಟವಾದ ಮೇಲೆ ಅವರಿಗೆ ಹೊತ್ತು ಹೋಗುವುದಿಲ್ಲ. ಅವರ ಟಿ.ವಿ.ಯಲ್ಲೇ ಹಾಕಿಕೊಟ್ಟೆ. ಅವರೂ ಹೆಂಡತಿ ಜಯಮ್ಮನವರೂ ಕಣ್ಣು ಕೀಳದೆ ನೋಡಿದರು. ಚಿತ್ರದ ಆ ಬಾಡಿಗೆದಾರ ಮಾತು ಕಡಿಮೆ ಆಡುವವನು, ಸದಾ ಕೈಗವಸು ಹಾಕುವವನು, ಮುಟ್ಟಿದ್ದನ್ನೆಲ್ಲ ಒರೆಸುವವನು. ಮುಗಿದ ಮೇಲೆ ಮುನಿರಾಜಣ್ಣ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ನಿಜ ಏಳಿ ಸಾ, ಇದ್ನ ಎಷ್ಟ್ ಸಲ ನೋಡಿದ್ದೀರಾ?" ಎಂದರು.

"ಒಂಬತ್ತು ಸಲ," ಎಂದೆ ಹೆಮ್ಮೆಯಿಂದ.

ಮರುವಾರ ಯುಗಾದಿ. ಜಯಮ್ಮ ಡಬ್ಬಿ ತುಂಬ ಒಬ್ಬಟ್ಟು ಕಳಿಸಿದರು. ಅಂಥ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಅಷ್ಟು ನನಗೂ ಗೊತ್ತು. ಹಾಕಿದೆ. ಆದರೆ ಡಬ್ಬಿಯ ಮೇಲೆ ಜಿಡ್ಡು ಕಂಡರೆ ನನ್ನ ಕೈ ಸುಮ್ಮನಿರಬೇಕಲ್ಲ? ಕಾರ್ಖಾನೆಯ ಬಿಳಿ ಕೈಗವಸು ಹಾಕಿಕೊಂಡು ಫಳಫಳ ಒರೆಸಿ, ಅದೇ ಕೈಯಲ್ಲಿ ಒಯ್ದು ಕೊಟ್ಟೆ. ಜಯಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಇಲ್ನೋಡಿ, ಎಂಗ್ ಒರ್ಸವ್ರೆ! ಒಂದ್ ಬೆರಳ್ ಗುರ್ತೂ ಇಲ್ಲ!" ಎಂದು ಗಂಡನಿಗೆ ತೋರಿಸಿದರು. ಆಮೇಲೆ ಸಕ್ಕರೆಯನ್ನು ಇರುವೆ ಗೂಡಿನ ಪಕ್ಕ ಸುರಿದದ್ದನ್ನು ಮಹಡಿಯಿಂದ ನಾನೇ ಕಂಡೆ. ಇರುವೆಗಳು ಬದುಕಿದವೋ ಇಲ್ಲವೋ ಎಂದು ಮುನಿರಾಜಣ್ಣ ಸಂಜೆಯವರೆಗೂ ಬಗ್ಗಿ ಬಗ್ಗಿ ನೋಡುತ್ತಿದ್ದರು.

ಇಷ್ಟು ಗಾಳಿ ಬೆಳಕಿರುವ ಮನೆ ಕೈತಪ್ಪುತ್ತದೆಂದು ನನಗೆ ಪುಕಪುಕ ಶುರುವಾಯಿತು. ಸಮಜಾಯಿಷಿ ಹೇಳಿ ಬರುತ್ತೇನೆಂದು ಶೋಭಾ ಕೆಳಗಿಳಿದಳು. ಎರಡು ಗಂಟೆಯಾದರೂ ಪತ್ತೆಯಿಲ್ಲ. ಬಂದವಳ ಮುಖ ಗಂಭೀರವಾಗಿತ್ತು.

"ಮನೆ ಖಾಲಿ ಮಾಡ್ಬೇಕಂತಾ?"

"ಬೇಡ್ವಂತೆ. ಹೊಸಬ್ರು ಬಂದ್ರೆ ಹೆಂಗಿರ್ತಾರೋ, ಇವ್ರಾದ್ರೆ ಗೊತ್ತಾಗೋಗಿದೆ ಅಂದ್ರು. 'ಮೊದ್ಲು ಪಿಚ್ಚರ್ ನೋಡಮ್ಮ' ಅಂತ ನನಗೂ ಹಾಕಿದ್ರು. ಪೂರ್ತಿ ನೋಡ್ದೆ. ತುಂಬಾ ಚೆನ್ನಾಗಿದೆ ಕಣ್ರೀ."

ನನ್ನ ಕಣ್ಣಲ್ಲಿ ನೀರೇ ಬಂತು. ಆ ಖುಷಿಯಲ್ಲಿ, ರಾತ್ರಿಯ ಪಲ್ಯಕ್ಕೆ ಬೀನ್ಸ್ ಹೆಚ್ಚಿಕೊಡೋಣವೆಂದು ಚಾಕು ಕೈಗೆತ್ತಿಕೊಂಡೆ. ಶೋಭಾ ಅದನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡಳು.

"ನಾನೇ ಹೆಚ್ಕೋತೀನಿ. ನೀವು ಅಲ್ಲಿ ಕೂತ್ಕೊಳ್ಳಿ," ಎಂದಳು. "ಅಲ್ಲಲ್ಲ, ಇನ್ನೂ ಸ್ವಲ್ಪ ಈ ಕಡೆ. ನನಗೆ ಕಾಣೋ ಹಾಗೆ."