ಹುಳದ ಮನೆಯಲ್ಲಿ ರಜೆ

ಬೆಳಿಗ್ಗೆ ಆರು ಗಂಟೆ. ಹೊಂಗನೂರಿನ ಬೋರಮ್ಮನ ಜಗಲಿಯ ಮೇಲೆ ಐದು ಜನ ರೋಗಿಗಳು ಕೂತಿದ್ದರು.

ಒಳಗೆ ಮಲಗಿದ್ದ ಡಾಕ್ಟರ್ ಭಾನುಪ್ರಿಯಳಿಗೆ ಅವರಲ್ಲಿ ಒಬ್ಬರೂ ಬೇಕಿರಲಿಲ್ಲ. ಎಂ.ಡಿ. ಮುಗಿಸಿ ಅವಳು ದೊಡ್ಡಮ್ಮ ಬೋರಮ್ಮನ ಮನೆಗೆ ಬಂದದ್ದು ನಿದ್ದೆ ಮಾಡಲು. ಓದಿನ ಕೊನೆಯ ತಿಂಗಳು ಆಸ್ಪತ್ರೆಯ ಲಿಫ್ಟಿನಲ್ಲಿ ನಿಂತಲ್ಲೇ ನಿದ್ದೆಹೋಗಿ, ಮಹಡಿಗಳ ನಡುವೆ ಬಾವಿಯ ಬಿಂದಿಗೆಯಂತೆ ಮೇಲೆ ಕೆಳಗೆ ಓಡಾಡಿದ್ದಳು. ಕುಕ್ಕರ್ ಕೂಗಿದರೆ "ಯಾವ ಬೆಡ್ಡು?" ಎಂದು ಎದ್ದು ಓಡುತ್ತಿದ್ದಳು. ಅವಳನ್ನು ನೋಡಿದ ಮನೋವೈದ್ಯೆ ಖಡಾಖಂಡಿತವಾಗಿ ಹೇಳಿದ್ದರು: "ಎಂಟು ದಿನ ಯಾರ ನಾಡಿಯನ್ನೂ ಮುಟ್ಟಬೇಡ. ನಿದ್ದೆ ಮಾಡು. ಇಲ್ಲದಿದ್ದರೆ ಈ ಕೆಲಸವನ್ನೇ ಬಿಟ್ಟುಬಿಡ್ತೀಯ."

ತಾನು ಬಂದಿರುವುದನ್ನು ಯಾರಿಗೂ ಹೇಳಬೇಡ ಎಂದು ಅವಳು ದೊಡ್ಡಮ್ಮನಿಂದ ಆಣೆ ಮಾಡಿಸಿಕೊಂಡಿದ್ದಳು. ಬೋರಮ್ಮ ಹಾಲಿನ ಡೇರಿಯಲ್ಲಿ ಮಾತ್ರ ಹೇಳಿದ್ದಳು. ಅಲ್ಲಿ ಸಂಜೆ ಇಡೀ ಊರು ನಿಂತಿರುತ್ತದೆ.

ಭಾನುಪ್ರಿಯ ಬಾಗಿಲು ತೆರೆದ ಕೂಡಲೇ ಪಕ್ಕದ ಮನೆಯ ದಾಸಪ್ಪ ಪಂಚೆ ಮೇಲೆತ್ತಿದ.

"ಈ ಮಂಡಿ ಒಸಿ ನೋಡವ್ವ. ಕೂತ್ರೆ ಕಟಕಟ, ಎದ್ರೆ ಕಟಕಟ. ಅತ್ಲಾಗೆ ರೇಷ್ಮೆ ಹುಳನೆಲ್ಲ ಸುಣ್ಣಕಟ್ಟು ರೋಗ ತಿಂದ್ಬುಡ್ತು, ಇತ್ಲಾಗೆ ಮಂಡಿ ಹೋಯ್ತು."

"ನಾನು ರಜದಲ್ಲಿದೀನಿ ತಾತ."

"ರಜ ನಿಂಗೆ ಕಣವ್ವ. ನನ್ ಮಂಡಿಗೆ ಐತಾ?"

ಉಳಿದವರು ತಲೆಯಾಡಿಸಿದರು. ಭಾನುಪ್ರಿಯ ಹಲ್ಲು ಕಚ್ಚಿದಳು. ಈ ಸಲ ಬಗ್ಗುವುದಿಲ್ಲ.

"ನಾನು ಡಾಕ್ಟರೇ ಅಲ್ಲ. ಪರೀಕ್ಷೇಲಿ ಫೇಲಾದೆ."

ಜಗಲಿ ಸಾವಿನ ಮನೆಯಂತಾಯಿತು. ಎದುರು ಮನೆಯ ವೆಂಕಟಲಕ್ಷ್ಮಮ್ಮ ಎದ್ದು ಬಂದು ಅವಳ ತಲೆ ನೇವರಿಸಿದಳು.

"ಅಳ್ಬ್ಯಾಡ ನನ್ ಕಂದ. ಬಿಡದಿ ಫ್ಯಾಕ್ಟ್ರೀಲಿ ಅವ್ನಲ್ಲ ನನ್ ಮಗ ಲೋಕೇಶ, ಅವ್ನೂ ಎಲ್ಡು ಸಾರಿ ಫೇಲು. ಡಾಕ್ಟ್ರಮ್ಮ ಅಂತ ಇಷ್ಟ್ ದಿನ ಬಾಯಿ ಬಿಡಕ್ಕೆ ಹೆದ್ರಿದ್ದೆ. ಈಗ ಜೋಡಿ ಸರಿಹೋಯ್ತು ಬುಡು. ತಡಿ, ಫೋನ್ ಮಾಡ್ತೀನಿ."

"ಮೊದ್ಲು ಮಂಡಿ," ಎಂದ ದಾಸಪ್ಪ. "ಫೇಲಾದ್ರೂ ಒಸಿ ಕಲ್ತಿರ್ತಾಳೆ."

ಸಮಾಧಾನ ಹೇಳಲು ಇನ್ನೂ ನಾಲ್ವರು ಗೇಟು ತೆರೆದರು. ಭಾನುಪ್ರಿಯ ಹಿತ್ತಿಲ ಬಾಗಿಲಿಂದ ಓಡಿದಳು.

ಹಿತ್ತಿಲಲ್ಲಿ ಬೋರಮ್ಮನ ಹುಳದ ಮನೆ ಇತ್ತು. ರೋಗ ತಂದಾರೆಂದು ರೇಷ್ಮೆ ಸಾಕುವವರು ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಊರಲ್ಲಿ ಈ ಮಾತು ಮೀರುವವರಿಲ್ಲ. ಭಾನುಪ್ರಿಯ ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಮೊಣಕೈವರೆಗೆ ಕೈ ತೊಳೆದು, ಒಳಗೆ ನುಗ್ಗಿ ಚಿಲಕ ಹಾಕಿದಳು.

ಒಳಗೆ ನಿಶ್ಶಬ್ದ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಮುಂಚೆ ಅವು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿದ್ದೆ ಮಾಡುತ್ತವೆ. ಅಟ್ಟಣೆಗಳ ತುಂಬ ಸಾವಿರಾರು ಹುಳುಗಳು ಹಾಯಾಗಿ ರಜದಲ್ಲಿದ್ದವು. ಭಾನುಪ್ರಿಯ ಮೂಲೆಯ ಗೋಣಿಚೀಲದ ಮೇಲೆ ಬಿದ್ದುಕೊಂಡಳು. ಮೂರು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ಮಧ್ಯಾಹ್ನ ಎಚ್ಚರವಾದಾಗ ಹುಳುಗಳೂ ಎದ್ದಿದ್ದವು. ಪೊರೆ ಕಳಚಿ, ರೌಂಡ್ಸಿಗೆ ಬಂದ ಡಾಕ್ಟರನ್ನು ಕಂಡ ಜನರಲ್ ವಾರ್ಡಿನಂತೆ, ಎಲ್ಲವೂ ಒಟ್ಟಿಗೆ ತಲೆ ಆಡಿಸುತ್ತಿದ್ದವು. ಕಿಟಕಿಯ ನೈಲಾನ್ ಪರದೆಯಾಚೆ ಬೋರಮ್ಮನ ಮುಖ.

"ಭಾನು, ಹುಳ ಜ್ವರ ಎದ್ದವೆ. ಪಕ್ಕದ ಕೋಣೇಲಿ ಸೊಪ್ಪೈತೆ, ಹಾಕವ್ವ."

"ನೀನೇ ಬಂದು ಹಾಕು ದೊಡ್ಡಮ್ಮ."

"ನಾನ್ ಹೆಂಗೆ ಬರ್ಲಿ? ದಾಸಪ್ಪನ ಹುಳಕ್ಕೆ ಸುಣ್ಣಕಟ್ಟು. ಬೆಳಗ್ಗಿಂದ ಅವ್ನ ಪಕ್ಕದಲ್ಲೇ ಕೂತು, ಮಂಡಿಗೆ ಎಣ್ಣೆ ಬೇರೆ ತಿಕ್ದೆ. ಅದು ತೊಳ್ದ್ರೂ ಹೋಗಲ್ಲ. ರೋಗ ತಗಲ್ದೆ ಇರೋಳು ಈಗ ನೀನೊಬ್ಳೇ. ನೀನೂ ಈಚೆಗ್ ಬಂದು ಅವ್ರನ್ನ ಮುಟ್ಬ್ಯಾಡ."

"ಎಷ್ಟು ಹೊತ್ತು?"

"ಗೂಡು ಕಟ್ಟೋಗಂಟ. ಒಂದು ವಾರ. ಈ ಹಂತದಲ್ಲಿ ಹಗಲೂ ರಾತ್ರಿ ತಿಂತವೆ. ನಿಂಗೆ ನೈಟ್ ಡ್ಯೂಟಿ ರೂಢಿ ಐತಲ್ಲ."

ಬೋರಮ್ಮನ ಹಿಂದಿನಿಂದ ದಾಸಪ್ಪ ಬಂದು ಕಾಲೆತ್ತಿ ಮಂಡಿಯನ್ನು ಪರದೆಗೆ ಒತ್ತಿದ.

"ಒಳಕ್ಕೆ ಬರಲ್ಲ ಕಣವ್ವ. ಇಲ್ಲಿಂದ್ಲೇ ನೋಡು."

ಭಾನುಪ್ರಿಯ ಕಿಟಕಿ ಮುಚ್ಚಿದಳು. ಆಮೇಲೆ ಸೊಪ್ಪು ತರಲು ಹೋದಳು.

ಹುಳುಗಳು ಗೂಡು ಕಟ್ಟಿದ ದಿನವೇ ಅವಳ ರಜ ಮುಗಿಯಿತು. ಚನ್ನಪಟ್ಟಣದ ಬಸ್ಸಿನಲ್ಲಿ ಅವಳು ನಿಂತೇ ನಿದ್ದೆಹೋದಳು. ದಾಸಪ್ಪನ ಮಂಡಿಯನ್ನು ಮಾತ್ರ ಕೊನೆಗೂ ನೋಡಲಿಲ್ಲ.