ನಾನು ಜಾಮೀನು ನಿಂತ ವೆಲ್ಡರ್ ಹುಡುಗಿ

ಗೋಕುಲ ರಸ್ತೆಯ ಒಂದು ತರಬೇತಿ ಕಾಲೇಜಿನಲ್ಲಿ ನಾನು ವೆಲ್ಡಿಂಗ್ ಕಲಿಸುತ್ತೇನೆ. ಕಬ್ಬಿಣದ ಕೆಲಸದಲ್ಲಿ ನಗು ಎಲ್ಲಿಂದ ಬರಬೇಕು ಅನ್ನುವವರು ಒಂದು ದಿನ ನಮ್ಮ ವರ್ಕ್‌ಶಾಪಿಗೆ ಬಂದು ನಿಲ್ಲಲಿ. ಕಿಡಿ ಹಾರಿದಂತೆ ಇಲ್ಲಿ ಫಜೀತಿಗಳೂ ಹಾರುತ್ತವೆ, ಹೆಚ್ಚಿನವು ನನ್ನ ಮೈಮೇಲೇ ಬೀಳುತ್ತವೆ. ಒಬ್ಬಳೇ ಹುಡುಗಿಯ ದೆಸೆಯಿಂದ ಬಿದ್ದವನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಪಗಾರದ ಮಾತು

ಗರಗದಿಂದ ತಾಯಿ, ಮಗಳು ಬಂದಿದ್ದರು. ತಾಯಿ ಖಾದಿ ನೂಲುವಾಕೆ. ಮಗಳಿಗೆ ವೆಲ್ಡಿಂಗನ್ನೇ ಕಲಿಯಬೇಕೆಂಬ ಹಟ. ಫೀಸಿಗೆ ಅಮರಗೋಳದ ಮಾರ್ಕೆಟ್ ಯಾರ್ಡಿನ ಸೊಸೈಟಿಯೊಂದರಲ್ಲಿ ಸಾಲ ತೆಗೆಯಬೇಕಿತ್ತು.

"ಕಲತ ಮ್ಯಾಲೆ ಪಗಾರ ಛಲೋ ಬರತೈತೇನ್ರಿ ಸರ್?" ಎಂದು ತಾಯಿ ಕೇಳಿದಳು.

ನಾನು ಭಾಷಣ ಬಿಗಿದೆ. ಕೈಯಲ್ಲಿ ಕಸಬಿದ್ದವರಿಗೆ ಅನ್ನಕ್ಕೆ ಕೊರತೆಯಿಲ್ಲ, ನನ್ನನ್ನೇ ನೋಡಿ, ಎಂದೆಲ್ಲ ಹೇಳಿದೆ. ಆಕೆ ನಿಜಕ್ಕೂ ನನ್ನನ್ನೇ ನೋಡಿದಳು. ಅಂಗಿಯ ಮೇಲೆ ಕಿಡಿ ಸುಟ್ಟ ತೂತುಗಳನ್ನೂ ನೋಡಿದಳು.

"ನಿಮಗ ಎಷ್ಟ ಬರತೈತ್ರಿ?"

ಹೇಳಿದೆ.

ಆಕೆ ಮಗಳ ಕೈ ಹಿಡಿದು ಎದ್ದಳು. "ನಡಿಯವ್ವ, ನೂಲೂದ ಛಲೋ."

೨. ಜಾಮೀನುದಾರನ ಹೋಳಿಗೆ

ಆ ಮಾತು ನನ್ನನ್ನು ಚೆನ್ನಾಗಿಯೇ ಸುಟ್ಟಿತು. ರೋಷಕ್ಕೆ ಬಿದ್ದು, ತಾಯಿಯನ್ನು ಒಪ್ಪಿಸಿ ಹುಡುಗಿಯನ್ನು ಸೇರಿಸಿಕೊಂಡೆ, ಅವಳ ಸಾಲಕ್ಕೆ ನಾನೇ ಜಾಮೀನು ನಿಂತೆ. ಅವತ್ತಿನಿಂದ ಸೊಸೈಟಿಯ ಮ್ಯಾನೇಜರರಿಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ. ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಕಂಡರೂ ಬಿಡುತ್ತಿರಲಿಲ್ಲ. ಒಂದು ಮದುವೆ ಊಟದಲ್ಲಂತೂ ನನ್ನ ಪಕ್ಕದಲ್ಲೇ ಬಂದು ಕೂತರು.

"ಹೋಳಿಗಿ ಹಾಕಿಸ್ಕೋರಿ ಸರ್. ಹುಡುಗಿ ಕಂತು ತಪ್ಪಿಸಿದ್ರ ನಿಮ್ಮ ಪಗಾರದಾಗ ಹಿಡೀತೇವಿ, ಅಷ್ಟ."

ಆಚೆ ಬದಿಗೆ ಕೂತಿದ್ದ ನನ್ನ ಹೆಂಡತಿ ತುಪ್ಪದವನನ್ನು ಕೂಗಿದಳು. "ಇವರಿಗೆ ಇನ್ನೊಂದೀಟ ಹಾಕಪಾ. ಮುಂದ ಸಿಗತೈತೋ ಇಲ್ಲೋ!"

೩. ತಿಂಗಳ ಗಳಿಕೆ

ಹುಡುಗಿ ಪಾಸಾದಳು. ಕಾರ್ಖಾನೆ ಸೇರಿದಳು. ಬಂದ ಪಗಾರವನ್ನು ರೂಮಿನ ಬಾಡಿಗೆಯೂ ಮೆಸ್ಸೂ ತಿಂದು ಹಾಕುತ್ತವೆಂದು ಗೊತ್ತಾದ ಮೇಲೆ ಊರಿಗೆ ಮರಳಿ ಮನೆಯ ಮುಂದೆಯೇ ಶೆಡ್ ಹಾಕಿಕೊಂಡಳು. ಕಲಿತು ಹೋದವರು ಏನು ಗಳಿಸುತ್ತಾರೆಂದು ಕಾಲೇಜಿಗೆ ತಿಳಿಸಬೇಕಾದವನು ನಾನೇ. ಫೋನ್ ಮಾಡಿದೆ.

"ಎರಡ ಗೇಟ್ ಮಾಡೇನ್ರಿ, ಕಿಡಕೀನೂ ಮಾಡೇನ್ರಿ," ಅಂದಳು.

"ರೊಕ್ಕ ಬಂತೇನವಾ?"

"ಎಲ್ಲಾರೂ ನಮ್ಮ ಮಂದೀನ ಅಲ್ರಿ? ಅತ್ತಿ ಸೀರಿ ಉಡಿಸ್ಯಾಳ. ಕಾಕಾ ಅರ್ಧ ಚೀಲ ಜ್ವಾಳ ಕೊಟ್ಟಾರ." ಆಮೇಲೆ ದನಿ ಇಳಿಯಿತು. "ಎರಡ ಕಂತು ನಿಂತಾವ್ರಿ ಸರ್. ನಿಮ್ಮ ಹೆಸರ ಕೆಡಸ್ತೇನೇನೋ ಅಂತ ಉಣ್ಣಾಕ ಸೇರವಲ್ದು."

ನನ್ನ ಪಗಾರದ ಚಿಂತೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟು ಚಂದ ಬೆಸುಗೆ ಹಾಕುವ ಕೈ ಸೋತು ಕೂತರೆ ಹೇಗೆ ಅನ್ನುವುದೇ ದೊಡ್ಡದಾಗಿತ್ತು.

ವರದಿ ನೋಡಿದ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ಏನ್ರೀ ಇದು, ಮಾಸಿಕ ಗಳಿಕೆ ಅರ್ಧ ಚೀಲ?"

"ಬಿಳಿ ಜ್ವಾಳ ರೀ ಸರ್," ಅಂದೆ.

೪. ಗಟ್ಟಿ ಬಾಗಿಲು

ಸೊಸೈಟಿಯ ಲಾಕರ್ ಕೋಣೆಗೆ ಕಬ್ಬಿಣದ ಸರಳಿನ ಬಾಗಿಲು ಬೇಕೆಂದು ತಿಳಿದು ಮ್ಯಾನೇಜರರ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟೆ. ಕೆಲಸ ಹುಡುಗಿಗೆ ಕೊಡಿ, ಬಿಲ್ಲನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಿ, ಸಾಲವೇ ತೀರುತ್ತದೆ ಎಂದೆ.

"ಆತ್ರಿ. ಆದ್ರ ಬಾಗಲಾ ಸಡ್ಲ ಇತ್ತಂದ್ರ ಮರುದಿನಾನ ನಿಮಗ ನೋಟೀಸ್," ಅಂದರು.

ಕೂಡಿಸುವ ದಿನ ನಾನೂ ಹೋದೆ. ಬಾಗಿಲು ಅಲುಗಾಡದಿರಲೆಂದು ಮೊದಲು ಅದನ್ನು ನಾಲ್ಕೂ ಮೂಲೆಯಲ್ಲಿ ಚೌಕಟ್ಟಿಗೆ ಸಣ್ಣಗೆ ಬೆಸೆದು, ಕೀಲು ಕೂಡಿಸಿದ ಮೇಲೆ ಆ ಬೆಸುಗೆ ಕೊಯ್ಯುವುದು ನಾನು ಕಲಿಸಿದ ಪದ್ಧತಿ. ಒಳಗಿನಿಂದ ಯಾರಾದರೂ ಒತ್ತಿ ಹಿಡಿಯಬೇಕಿತ್ತು. ಯಾರನ್ನೂ ನಂಬದ ಮ್ಯಾನೇಜರರು ತಾವೇ ಒಳಗೆ ಹೋಗಿ ಹಿಡಿದರು. ಹುಡುಗಿ ನಾಲ್ಕೂ ಮೂಲೆ ಬೆಸೆದಳು, ಕೀಲನ್ನೂ ಕೂಡಿಸಿದಳು. ಕೊಯ್ಯುವ ಮಷಿನ್ ಎತ್ತಿಕೊಂಡಳು. ಕರೆಂಟ್ ಹೋಯಿತು.

ಉಳಿ, ಸುತ್ತಿಗೆ ತಂದು ನಾನೂ ಅವಳೂ ಬಡಿದದ್ದೇ ಬಡಿದದ್ದು. "ಸುತ್ತಿಗೀಗೆ ಬಿಡೂದು ಬೆಸುಗಿ ಅಲ್ಲ ಅಂತ ನೀವ ಹೇಳಿದ್ರೆಲ್ರಿ ಸರ್," ಎಂದು ಹುಡುಗಿ ಅಳುಮುಖ ಮಾಡಿದಳು. ಮ್ಯಾನೇಜರರು ಒಳಗಿನಿಂದ ಸರಳು ಜಗ್ಗಿದರು, ಒದ್ದರು, ಹೆಗಲು ಕೊಟ್ಟು ನೂಕಿದರು. ಸುದ್ದಿ ಮಾರ್ಕೆಟ್ ಯಾರ್ಡಿಗೆಲ್ಲ ಹಬ್ಬಿತು. ಸೊಸೈಟಿಯ ಕಡೆ ತಲೆ ಹಾಕದಿದ್ದ ಸಾಲಗಾರರೆಲ್ಲ ಸರಳಿನ ಹಿಂದಿನ ಮ್ಯಾನೇಜರರನ್ನು ನೋಡಲು ಓಡಿ ಬಂದರು.

"ನಮ್ಮನ್ನ ಒಳಗ ಹಾಕಸ್ತೇನಿ ಅಂತಿದ್ರಿ, ನೀವ ಮೊದಲ ಹೋದ್ರೆಲ್ರಿ ಸಾಹೇಬ್ರ!" ಅಂದ ಒಬ್ಬ. ಮಗಳ ಸಂಗಡ ಬಂದಿದ್ದ ತಾಯಿ ತನ್ನ ಬುತ್ತಿ ಬಿಚ್ಚಿ ಸರಳಿನ ಸಂದಿಯಿಂದ ರೊಟ್ಟಿ, ಚಟ್ನಿಪುಡಿ ಕೊಟ್ಟಳು. ಮ್ಯಾನೇಜರರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಬಂದವರ ಹೆಸರು ಹಿಡಿದು ಕೂಗಿ ಬಾಕಿ ಕೇಳತೊಡಗಿದರು. ಕರುಣೆಗೋ ನಾಚಿಕೆಗೋ, ಕೆಲವರು ಕೊಟ್ಟೂ ಹೋದರು.

ಸಂಜೆಯ ಮುಂದೆ ಕರೆಂಟ್ ಬಂತು. ಹುಡುಗಿ ಬೆಸುಗೆ ಕೊಯ್ದಳು. ಮ್ಯಾನೇಜರರು ಹೊರಬಂದು, ಅಂಗಿಗೆ ಹತ್ತಿದ ಚಟ್ನಿಪುಡಿ ಝಾಡಿಸಿ, ಅವಳನ್ನು ದಿಟ್ಟಿಸಿ ನೋಡಿದರು. ನನ್ನ ಪಗಾರ ಹೋಯಿತು, ಅವಳ ಶೆಡ್ಡೂ ಹೋಯಿತು ಎಂದುಕೊಂಡೆ.

"ಸಾಲ ತೀರ್ತು ನೋಡವಾ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಸರ್, ಇನ್ನ ಮುಂದ ಈಕಿಗೆ ನಿಮ್ಮ ಜಾಮೀನ ಬ್ಯಾಡ್ರಿ. ಈಕಿ ಕೆಲಸಾ ಎಷ್ಟ ಗಟ್ಟಿ ಐತಿ ಅಂತ ಮುಂಜಾನಿಂದ ನಾನ ಒದ್ದ ನೋಡೇನಿ."